ಅಲ್ಪಪ್ರಾಣ

ಜೂನ್ 4
ಎದೆರೋಗದ ಆಸ್ಪತ್ರೆ, ಮೂರನೇ ವಾರ್ಡು, ಹಾಸಿಗೆ ಹನ್ನೊಂದು

ಮಾತುಮಾತಿಗೂ ಕೊಕ್ಕೆ ಹಾಕುವ ತಂಗಿಗೆ,

ಇತ್ತ ಕ್ಷೇಮ. ಅತ್ತ ಕ್ಷೇಮವೋ ಅಲ್ಲವೋ ಎಂಬುದನ್ನು ನನ್ನ ಐದು ಮೀನುಗಳನ್ನೇ ಕೇಳಬೇಕು, ನೀನಾಗಿ ಹೇಳುವವಳಲ್ಲ.

ಫೋನು ಬಿಟ್ಟು ಕಾಗದ ಯಾಕೆ ಅನ್ನುತ್ತೀಯ. ಮಾತಾಡಿದರೆ ಮೂರು ಮಾತಿಗೊಂದು ಕೆಮ್ಮು. ಬಾಯಿ ಬಂಡವಾಳದಲ್ಲೇ ಗಾಜಿನಂಗಡಿ ಕಟ್ಟಿದವನಿಗೆ ಇದು ಅಂಗಡಿ ಬಾಗಿಲು ಹಾಕಿದ ಹಾಗೆ. ಬರೆಯುವಾಗ ಕೆಮ್ಮು ಸುಮ್ಮನಿರುತ್ತದೆ. ಹೆದರಬೇಡ, ಹದಿನೈದು ದಿನದ ತಪಾಸಣೆ ಅಷ್ಟೇ. ಸೇರಿಸಿಕೊಳ್ಳುವಾಗ ಒಂದು ಫಾರಂ ಕೊಟ್ಟರು. ಅದರಲ್ಲಿ 'ಹತ್ತಿರದ ಸಂಬಂಧಿ' ಅಂತ ಒಂದು ಕಾಲಂ. ನಿನ್ನನ್ನು ಯಾಕೆ ಎಳೆದಾಡಲಿ ಅಂತ ಅಡ್ಡಗೆರೆ ಹಾಕಿಬಿಟ್ಟೆ. ನೀನು ಬರುವುದು ಬೇಡ. ಮೀನು ನೋಡಿಕೋ, ಸಾಕು.

ನೀನು ಅಂಗಡಿ ಮೇಲಿನ ನನ್ನ ಕೋಣೆಗೆ ಬಂದು ಇರಲು ಒಪ್ಪಿದ್ದೇ ದೊಡ್ಡದು. ಈಗ ಜನಗಣತಿ ಹೇಳುತ್ತೇನೆ, ಕೇಳು. ಐದೂ ಲೋಚ್ ಮೀನು, ಐದಕ್ಕೂ ಮೈಮೇಲೆ ಮೂರು ಕಪ್ಪು ಪಟ್ಟೆ, ಬಾಯಿ ಸುತ್ತ ಮೀಸೆ. ಬಣ್ಣ ಒಂದೇ, ಬುದ್ಧಿ ಬೇರೆ ಬೇರೆ. ಎಲ್ಲರಿಗಿಂತ ದಪ್ಪಗಿರುವವನು ಮೇಸ್ತ್ರಿ. ಗಾಜಿನ ತೊಟ್ಟಿಯ ತಳದಲ್ಲಿರುವ ಮಣ್ಣಿನ ಪೈಪು ಅವನದು, ಯಾರಿಗೂ ಬಿಡುವುದಿಲ್ಲ. ತಿನ್ನುವಾಗ ಟಿಕ್ ಟಿಕ್ ಅಂತ ಸದ್ದು ಮಾಡುತ್ತಾನೆ, ಗಾಜಿಗೆ ಕಿವಿಯಿಟ್ಟರೆ ಕೇಳುತ್ತದೆ. ಅವನ ಹಿಂದೆ ಹಿಂದೆ ಹೋಗಿ ಅವನು ಮಾಡಿದ್ದನ್ನೇ ಎರಡು ಗಳಿಗೆ ತಡವಾಗಿ ಮಾಡುವವನು ಗುಮಾಸ್ತ. ಒಬ್ಬೊಬ್ಬರ ಮೂತಿಗೂ ಮೂತಿ ತಂದು ಏನೋ ಊದಿ ಹೋಗುವವನು ಚಾಡಿಕೋರ. ಎಲ್ಲರೂ ಉಂಡ ಮೇಲೆ ಬಂದು ಉಳಿದದ್ದು ಹೆಕ್ಕುವವಳು ಸೊಸೆ.

ಐದನೆಯವನು ನಾಟಕದವನು. ಇವನೇ ನಿನಗೆ ತಲೆನೋವು. ಇದ್ದಕ್ಕಿದ್ದಂತೆ ಮಗ್ಗುಲಾಗಿ ಬಿದ್ದು ಸತ್ತ ಹಾಗೆ ಮಲಗಿಬಿಡುತ್ತಾನೆ. ನಂಬಬೇಡ. ತಟ್ಟಬೇಡ, ಬಲೆ ಹಾಕಬೇಡ. ಲೋಚ್‌ಗೆ ಕಣ್ಣಿನ ಕೆಳಗೆ ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡರೆ ಬಿಡಿಸಲು ಆಗುವುದಿಲ್ಲ. ಸಾಕಾದಾಗ ತಾನೇ ಏಳುತ್ತಾನೆ. ಗುರುತು: ಅವನ ನಡುಪಟ್ಟೆಯ ಕೆಳತುದಿ ಬಾಗಿದೆ. ನಿನ್ನ ಪ್ರೆಸ್ಸಿನ ಭಾಷೆಯಲ್ಲಿ ಅಲ್ಪವಿರಾಮ.

ನಿನ್ನ ಅಣ್ಣ


ಜೂನ್ 9

ಅಣ್ಣ,

ಪತ್ರ ತಲುಪಿತು. ಎರಡು ಹಾಳೆಯಲ್ಲಿ ನಲವತ್ತಮೂರು ತಪ್ಪು. ಹೆಚ್ಚಿನವು ಒಂದೇ ಜಾತಿಯವು: ಮಹಾಪ್ರಾಣ ಬರಬೇಕಾದ ಕಡೆಯೆಲ್ಲ ಅಲ್ಪಪ್ರಾಣ. ಭ ಇಲ್ಲ, ಧ ಇಲ್ಲ, ಖ ಇಲ್ಲ. ಹೊಟ್ಟೆ ಸೀಳಬೇಕಾದ ಅಕ್ಷರಗಳ ಹೊಟ್ಟೆಯನ್ನೆಲ್ಲ ಹೊಲಿದು ಕಳಿಸಿದ್ದೀಯ. ಇಡೀ ದಿನ ಇನ್ನೊಬ್ಬರ ಕರಡು ತಿದ್ದಿ ಬಂದವಳಿಗೆ ಮನೆಯಲ್ಲೂ ಅದೇ ಕೆಲಸ. ತಪ್ಪಿರುವ ಕಾಗದ ನನ್ನ ಪೆಟ್ಟಿಗೆಯಲ್ಲಿ ಇರಕೂಡದು. ತಿದ್ದಿ, ನೋಟುಪುಸ್ತಕದಲ್ಲಿ ಶುದ್ಧ ಪ್ರತಿ ಮಾಡಿ, ಮೂಲವನ್ನು ಹರಿದು ಹಾಕಿದ್ದೇನೆ. ಮುಂದೆಯೂ ಹಾಗೇ ಮಾಡುತ್ತೇನೆ.

ನಿನ್ನ ನಾಟಕದವನು ಶನಿವಾರ ನಾಟಕ ಹೂಡಿದ. ನಾನು ಪ್ರೆಸ್ಸಿನಿಂದ ಬಂದು ಚೀಲ ಇಡುತ್ತಿದ್ದೆ. ಮರಳ ಮೇಲೆ ಬಿದ್ದಿದ್ದಾನೆ, ಕಣ್ಣು ಮೇಲಕ್ಕೆ. ನೀನು ಹೇಳಿದ್ದೆಲ್ಲ ಮರೆತೇಹೋಯಿತು. ಸೌಟು ತಂದು ನೀರಿಗೆ ಇಳಿಸಿದೆ. ಅದು ಅವನ ಬೆನ್ನಿಗೆ ತಾಗುವಷ್ಟರಲ್ಲಿ ಚಂಗನೆ ಎದ್ದು ನನ್ನ ಮುಖಕ್ಕೇ ನೀರು ಹಾರಿಸಿ ಪೈಪಿಗೆ ನುಗ್ಗಿದ. ಮೇಸ್ತ್ರಿ ಅವನನ್ನು ಒದ್ದು ಹೊರಗೆ ಹಾಕಿದ. ನಾನು ಒಬ್ಬಳೇ ನಿಂತು ನಕ್ಕೆ. ಆಮೇಲೆ ಸಿಟ್ಟು ಬಂತು. ಈ ಬುದ್ಧಿ ಎಲ್ಲಿ ಕಲಿತ ಅಂತ ಕೇಳಬೇಕಾಗಿಲ್ಲವಲ್ಲ!

ಊಟದ ತಟ್ಟೆಯನ್ನು ತೊಟ್ಟಿಯ ಮುಂದೆ ಇಟ್ಟುಕೊಂಡು ತಿನ್ನುತ್ತಿದ್ದೇನೆ. ಅಭ್ಯಾಸವಾಗಿಬಿಟ್ಟಿದೆ. ಚಾಡಿಕೋರ ಗಾಜಿನವರೆಗೂ ಬಂದು ನನ್ನ ಮೂತಿಗೂ ಏನೋ ಊದಿ ಹೋಗುತ್ತಾನೆ. ನಿನ್ನ ಮೇಲಿನ ದೂರೇ ಇರಬೇಕು.

ತಂಗಿ


ಜೂನ್ 15
ಹಾಸಿಗೆ ಹನ್ನೊಂದು

ತಂಗಿ,

ಮಹಾಪ್ರಾಣ ಕೇಳುತ್ತೀಯಲ್ಲ, ಎಲ್ಲಿಂದ ತರಲಿ? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀದಿ ಬೋರ್ಡು ನೋಡಿ ಓದಲು ಕಲಿತವನು ನಾನು. ಇಲ್ಲಿಯ ಡಾಕ್ಟರೂ ನಿನ್ನ ಹಾಗೇ. ಬೆಳಕಿನ ಡಬ್ಬಿಗೆ ನನ್ನ ಎದೆಯ ಫಿಲ್ಮು ಸಿಕ್ಕಿಸಿ ಒಂದೊಂದೇ ಚುಕ್ಕೆಗೆ ಪೆನ್ನು ಹಿಡಿದು ತೋರಿಸಿದರು. ಮೂವತ್ತೊಂದು ವರ್ಷ ಗಾಜಿನ ಅಂಚು ಉಜ್ಜಿದ ಧೂಳಂತೆ. ಒರೆಸದೆ ಬಿಟ್ಟ ಕಿಟಕಿಯ ಹಾಗಿದೆ ಒಳಗೆ. "ಡಾಕ್ಟ್ರೇ, ನಂಗೆ ಇರೋದೇ ಅಲ್ಪಪ್ರಾಣ, ತಂಗಿ ಮೊದಲೇ ಹೇಳಿದಾಳೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಪಕ್ಕದ ಹಾಸಿಗೆಯವನಿಗೆ ಆಯಿತು, ನಕ್ಕು ನಕ್ಕು ಕೆಮ್ಮಿದ. ಅವನು ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು, ಈಗಲೂ ಯಾರಾದರೂ ನಡೆದು ಹೋದರೆ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಾನೆ.

ವಾರ್ಡಿನ ಲೆಕ್ಕ: ಹಾಸಿಗೆ ಹದಿನಾಲ್ಕು, ಜನ ಹದಿಮೂರು. ಬಂದ ದಿನ ಹದಿನಾಲ್ಕೂ ತುಂಬಿತ್ತು. ಎಲ್ಲರ ಮುಖವೂ ಜೋಲು ಬಿದ್ದದ್ದು ನೋಡಲಾಗದೆ ಕಳೆದ ವಾರ ನನ್ನ ಹಳೆಯ ಆಟ ತೆಗೆದೆ. ನರ್ಸಮ್ಮ ಥರ್ಮಾಮೀಟರು ತರುವಾಗ ಮಗ್ಗುಲಾಗಿ ಬಾಯಿ ತೆರೆದು ಮಲಗಿಬಿಟ್ಟೆ. ಅವರು ಕಿರುಚಿದ್ದಕ್ಕೆ ಇಡೀ ವಾರ್ಡು ಎದ್ದು ಕೂತಿತು. ಎದ್ದು ಕಣ್ಣು ಮಿಟುಕಿಸಿದೆ. ಬೈಗುಳ ತಿಂದೆ, ಆದರೆ ಉಳಿದ ಹನ್ನೆರಡೂ ಜನ ಅವತ್ತು ನಕ್ಕರು. ಎರಡು ದಿನ ಬಿಟ್ಟು ಇನ್ನೊಂದು ಸಲ ಮಾಡಿದೆ. ಆಗಲೂ ನಕ್ಕರು.

ಇನ್ನೊಂದು ಮಾತು. ಮೂವತ್ತನೇ ತಾರೀಕು ಒಂದು ಸಣ್ಣ ಆಪರೇಷನ್ನು ಇಟ್ಟುಕೊಂಡಿದ್ದಾರೆ. ಸಂಬಂಧಿಕರು ಒಬ್ಬರು ಸಹಿ ಹಾಕಬೇಕಂತೆ. ನಾನು ಅಡ್ಡಗೆರೆ ಹಾಕಿದ್ದು ಎಡವಟ್ಟಾಯಿತು. ನಮ್ಮ ಮಾತಿಗೆ ಆಫೀಸಿನವರು ತಿದ್ದುವುದಿಲ್ಲ, ಆ ಸಂಬಂಧಿಕರೇ ಎದುರಿಗೆ ಬಂದು ನಿಂತರೆ ತಿದ್ದುತ್ತಾರಂತೆ. ತಿದ್ದುವ ಕೆಲಸ ನಿನ್ನದೇ ತಾನೆ. ರಜೆ ಸಿಕ್ಕಿದರೆ ಬಾ. ಸಿಗದಿದ್ದರೆ ಇರಲಿ ಬಿಡು.

ಅಣ್ಣ


ಜೂನ್ 19

ಅಣ್ಣ,

'ಬಾ' ಅಂದು 'ಇರಲಿ ಬಿಡು' ಅನ್ನುವುದು ನಿನ್ನ ಹಳೆಯ ವ್ಯಾಪಾರ. ಗಿರಾಕಿ ಹೊರಟಾಗ ಹೀಗೇ ಅನ್ನುತ್ತೀಯ, ಅವನು ತಿರುಗಿ ಬರುತ್ತಾನೆ.

ನನ್ನ ಬಳಿಯೂ ಲೆಕ್ಕವಿದೆ. ಒಂದು: ನನಗೆ ಆರು ವರ್ಷ. ಮನೆ ಹಿಂದಿನ ನೀರಿನ ತೊಟ್ಟಿಯಲ್ಲಿ ನೀನು ಬೋರಲಾಗಿ ತೇಲಿದೆ. ಬೀದಿಯ ಕೊನೆಯವರೆಗೆ ಕಿರುಚುತ್ತ ಓಡಿದೆ, ಜನ ಸೇರಿಸಿಕೊಂಡು ಬಂದರೆ ನೀನು ತೊಟ್ಟಿಯ ಕಟ್ಟೆ ಮೇಲೆ ಕೂತು ಕಾಲು ಆಡಿಸುತ್ತಿದ್ದೆ. ಎರಡು: ನನ್ನನ್ನು ಒಪ್ಪಿದ್ದ ಆ ಲೆಕ್ಕದ ಮೇಷ್ಟರ ಮನೆಯಲ್ಲಿ, ಮಾತುಕತೆ ಮುಗಿಯುವ ಹೊತ್ತಿಗೆ ನೀನು ಎದೆ ಹಿಡಿದುಕೊಂಡು ಉರುಳಿದೆ. ಗಂಡು ನಿನಗೆ ಇಷ್ಟವಿರಲಿಲ್ಲ ಅಂತ ಹೇಳಿದ್ದರೆ ಸಾಕಿತ್ತು. ಇಂಥ ಕಾಯಿಲೆಯ ಮನೆತನ ಬೇಡ ಅಂದರು ಅವರು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಮೂರು: ಬೇರೆ ಊರಿನ ಪ್ರೆಸ್ಸಿಗೆ ಕೆಲಸಕ್ಕೆ ಸೇರಿದ ಎಂಟನೇ ದಿನ ನಿನಗೆ 'ಎದೆನೋವು'. ಕೆಲಸ ಬಿಟ್ಟು ಓಡಿ ಬಂದೆ. ನೀನು ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. "ಬಂದ್ಯಾ? ಗೊತ್ತಿತ್ತು ನಂಗೆ ಬರ್ತೀಯ ಅಂತ" ಅಂದೆ.

ನಾಲ್ಕನೆಯದಕ್ಕೆ ನಾನು ಬರುವುದಿಲ್ಲ. ವಾರ್ಡಿನಲ್ಲಿ ಸತ್ತ ಆಟ ಆಡಿದ್ದನ್ನು ಬರೆದ ಕಾಗದದಲ್ಲೇ ಆಪರೇಷನ್ನಿನ ಮಾತೂ ಬರೆದಿದ್ದೀಯ. ಯಾವುದನ್ನು ನಂಬಲಿ?

ನಿನ್ನ ಶಿಷ್ಯನಿಗೂ ಇದೇ ಉತ್ತರ. ನಿನ್ನೆಯಿಂದ ಕಲ್ಲಿನ ಪಕ್ಕ ಮಗ್ಗುಲಾಗಿ ಮಲಗಿದ್ದಾನೆ. ಈ ಸಲ ಸೌಟು ಮುಟ್ಟಲಿಲ್ಲ. ಉಳಿದವರೂ ಅವನಿಗೆ ಜೊತೆಗೂಡಿದ್ದಾರೆ, ಕಾಳು ಹಾಕಿದರೆ ಯಾರೂ ಹೊರಗೆ ಬರುತ್ತಿಲ್ಲ. ಮಲಗಲಿ. ಎಷ್ಟು ಹೊತ್ತು ಮಲಗುತ್ತಾರೋ ನಾನೂ ನೋಡುತ್ತೇನೆ.

ತಂಗಿ


ಜೂನ್ 22
ಹಾಸಿಗೆ ಹನ್ನೊಂದು

ತಂಗಿಗೆ,

ಕೈ ನಡುಗುವುದರಿಂದ ಕಂಡಕ್ಟರ್ ಕೈಯಲ್ಲಿ ಬರೆಸುತ್ತಿದ್ದೇನೆ. ಈಗಷ್ಟೇ ನಿನ್ನ ಪತ್ರ ಬಂತು.

ಮೊದಲು ಮೀನು. ಒಂದು ದಿನವಿಡೀ ಒಂದೇ ಕಡೆ ಬಿದ್ದಿದ್ದರೆ ಅದು ಆಟವಲ್ಲ. ತಪ್ಪು ನನ್ನದು. ನಂಬಬೇಡ ಅಂತ ಹೇಳಿದೆ, ಯಾವಾಗ ನಂಬಬೇಕು ಅಂತ ಹೇಳಲಿಲ್ಲ. ಕಿವಿರು ನೋಡು, ತಲೆಯ ಪಕ್ಕ. ಅದು ಆಡುತ್ತಿದ್ದರೆ ಜೀವ ಇದೆ. ನಿಂತಿದ್ದರೆ ತಕ್ಷಣ ತೆಗೆದು ಬಿಡು, ಅರ್ಧ ನೀರು ಚೆಲ್ಲಿ ಹೊಸ ನೀರು ತುಂಬು. ಒಂದು ಸತ್ತು ಕೊಳೆತರೆ ಆ ನೀರೇ ಉಳಿದವರಿಗೆ ವಿಷ. ಈ ಕಾಗದ ಮುಟ್ಟುವಷ್ಟರಲ್ಲಿ ಮೂರು ದಿನ ಆಗುತ್ತದೆ, ನನಗೆ ಗೊತ್ತು. ಆದರೂ ಬರೆಸುತ್ತಿದ್ದೇನೆ.

ಎರಡನೆಯದು ನಾನು. ನೀನು ಬರೆದ ಮೂರೂ ನಿಜ. ಎರಡನೆಯದಕ್ಕೆ ನಾನು ಯಾವತ್ತೂ ತಪ್ಪಾಯಿತು ಅನ್ನಲಿಲ್ಲ. ನೀನು ಹೋಗಿಬಿಟ್ಟರೆ ನನಗೆ ಯಾರೂ ಇರುತ್ತಿರಲಿಲ್ಲ, ಅಷ್ಟೇ. ಆಪರೇಷನ್ನು ಸಣ್ಣದಲ್ಲ. ಇದು ನಾಟಕ ಅಲ್ಲ. ಮೂವತ್ತರೊಳಗೆ ಬಾ.

ಅಣ್ಣ


ಜೂನ್ 25

ಅಣ್ಣ,

ಪತ್ರ ಬಂತು. ಒಂದೇ ಒಂದು ತಪ್ಪಿಲ್ಲ. ಎಲ್ಲ ಮಹಾಪ್ರಾಣವೂ ಅದರದರ ಜಾಗದಲ್ಲಿದೆ. ನಿನ್ನದಲ್ಲದ ಕೈಯಲ್ಲಿ ನಿನ್ನ ಕಾಯಿಲೆ ಓದಿದೆ. ಬರೆಯಲಾಗದವನು ಇಷ್ಟು ಚೆನ್ನಾಗಿ ಹೇಳಿ ಬರೆಸುತ್ತಾನೆಯೇ? ಕಂಡಕ್ಟರ್ ಪಾತ್ರದವರಿಗೆ ನನ್ನ ಮೆಚ್ಚುಗೆ ತಿಳಿಸು.

ಮೀನುಗಳೆಲ್ಲ ಚೆನ್ನಾಗಿವೆ. ಐದೂ. ನಾಟಕದವನು ಎದ್ದ. ಸೊಸೆಯೂ ಈಗ ಧೈರ್ಯ ಮಾಡಿ ಮೊದಲ ಸಾಲಿಗೆ ಬರುತ್ತಾಳೆ. ಮೇಸ್ತ್ರಿ ಅವಳಿಗೆ ಪೈಪು ಬಿಟ್ಟುಕೊಟ್ಟಿದ್ದಾನೆ. ಗಾಜಿಗೆ ಕಿವಿಯಿಟ್ಟರೆ ಟಿಕ್ ಟಿಕ್ ಅಂತ ಕೇಳುತ್ತದೆ.

ಶಾಲಾ ಪುಸ್ತಕಗಳ ಕರಡು ಮೂವತ್ತಕ್ಕೆ ಮುಗಿಯಬೇಕು. ರಜೆ ಕೊಡುವುದಿಲ್ಲ. ಬರಲಾಗುವುದಿಲ್ಲ.

ತಂಗಿ


ಜುಲೈ 1
ಹಾಸಿಗೆ ಹನ್ನೆರಡು

ಅಮ್ಮಾ,

ನಾನು ನಿಮ್ಮ ಅಣ್ಣನವರ ಪಕ್ಕದ ಹಾಸಿಗೆಯ ಕಂಡಕ್ಟರ್. ಇದನ್ನು ಹೇಗೆ ಬರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ನೇರವಾಗಿ ಬರೆದುಬಿಡುತ್ತೇನೆ. ಇಪ್ಪತ್ತೊಂಬತ್ತನೇ ತಾರೀಕು ಬೆಳಿಗ್ಗೆ ನಿಮ್ಮ ಅಣ್ಣ ತೀರಿಕೊಂಡರು.

ಎಷ್ಟು ಹೊತ್ತಿಗೆ ಅಂತ ನನ್ನಿಂದ ಹೇಳಲಾಗದು. ಹೇಳಲಾಗದ್ದಕ್ಕೆ ಕಾರಣ ಹೇಳಬೇಕು. ಬೆಳಗಿನ ಕಾಫಿ ಬಂದಾಗ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರು. "ಏಳಪ್ಪಾ ನಾಟಕದವನೇ, ಕಾಫಿ ಆರಿ ಹೋಗ್ತದೆ" ಅಂದೆ. ಎದುರು ಹಾಸಿಗೆಯವನು "ಬಿಡ್ರೀ, ಇದು ಮೂರನೇ ಆಟ" ಅಂದ. ಎಲ್ಲರೂ ನಕ್ಕೆವು. ನರ್ಸಮ್ಮನೂ ಎರಡು ಸಲ ಹೆದರಿದ್ದವರು, "ನಾನು ಈ ಸಲ ಬೀಳಲ್ಲ" ಅಂತ ಥರ್ಮಾಮೀಟರ್ ಹಿಡಿದುಕೊಂಡು ಮುಂದಿನ ಹಾಸಿಗೆಗೆ ಹೋದರು. ಊಟದ ತಟ್ಟೆ ಬರುವವರೆಗೂ ಯಾರೂ ಮುಟ್ಟಿ ನೋಡಲಿಲ್ಲ. ಮುಟ್ಟಿದವನು ನಾನು. ಕೈ ಅಷ್ಟು ಹೊತ್ತಿಗೇ ತಣ್ಣಗಾಗಿತ್ತು.

ಅವರಿಗೊಬ್ಬ ತಂಗಿ ಇದ್ದಾರೆ ಅಂತ ಆಫೀಸಿಗೆ ಹೋಗಿ ಹೇಳಿದೆ. ಫಾರಂ ತೆಗೆದು ಅಡ್ಡಗೆರೆ ತೋರಿಸಿದರು. "ಇದರಲ್ಲಿ ಇಲ್ಲದ ತಂಗಿ ನಮಗೂ ಇಲ್ಲ" ಅಂದರು. ಒಂದು ದಿನ ಇಟ್ಟು ಮೂವತ್ತರ ಸಂಜೆ ಅವರೇ ಎಲ್ಲ ಮುಗಿಸಿದರು. ವಾರ್ಡಿನಿಂದ ನಡೆಯಲು ಬರುವ ನಾಲ್ಕು ಜನ ಗೇಟಿನವರೆಗೆ ಹೋಗಿದ್ದೆವು.

ದಿಂಬಿನ ಕೆಳಗೆ ಈ ಕಾಗದ ಸಿಕ್ಕಿತು. ಅಂಚೆಗೆ ಹಾಕು ಅಂತ ನನಗೆ ಕೊಡುವವರಿದ್ದರೋ ಏನೋ. ಓದಿಲ್ಲ. ಇದರೊಳಗೇ ಇಟ್ಟಿದ್ದೇನೆ.

ಇಂತಿ,
ಕಂಡಕ್ಟರ್


ಜೂನ್ 28

ತಂಗಿ

ಇದು ನನ್ನ ಕೈನೇ. ತಪ್ಪು ಎಣಿಸಿಕೊ.

ನಿನ್ನ ಕಾಗದ ಬಂತು. ಮೇಸ್ತ್ರಿ ಪೈಪು ಬಿಟ್ಟುಕೊಟ್ಟ ಅಂತ ಬರೆದಿದೀಯ. ಅವನು ಕಂಡಿತ ಬಿಡಲ್ಲ ತಂಗಿ. ಅಲ್ಲಿಗೆ ನಂಗೆ ಅರ್ತ ಆಯ್ತು. ಮೀನು ಸತ್ತಿವೆ. ಅದಕ್ಕೆ ನೀನು ಬರ್ತಿಲ್ಲ. ಕರಡೂ ಅಲ್ಲ ರಜೇನೂ ಅಲ್ಲ.

ಬಯ ಪಡಬೇಡ. ನಾನು ಬೈಯಲ್ಲ. ನಂಬಬೇಡ ಅಂದೋನು ನಾನೇ ಅಲ್ವ.

ಒಂದು ವಿಶಯ ನೋಡು. ಮಲಗಿದ್ದೋನಿಗೆ ಅಲ್ಪವಿರಾಮ ಇತ್ತಾ? ನೋಡಿದ್ಯಾ? ಇರದೆ ಇದ್ರೆ ಅವನು ನಾಟಕದವನಲ್ಲ. ತೆಗೆದಾಗ ಎಣಿಸಿದ್ಯಾ? ನಾಲ್ಕೋ ಐದೋ? ಬಯ ಆದಾಗ ಅವನು ಮೂಲೇಲಿರೊ ನೀರು ಸೋಸೊ ಡಬ್ಬಿ ಒಳಗೆ ಹೋಗಿ ಕೂರ್ತಾನೆ. ಮುಚ್ಚಳ ತೆಗೆದು ನೋಡು.

ಆಮೇಲೆ ಬಾ. ಕಾಲಿ ಕೈಲಿ ಬಾ. ಆ ಗೆರೆ ತಿದ್ದಬೇಕು.

ಉಸಿರಾಡೋದು ಕಶ್ಟ ಆಗ್ತಿದೆ. ಇದ್ನ ಕಂಡಕ್ಟರ್ ಮುಂದೆ ಹೇಳಿಲ್ಲ. ಅವನು ನಗ್ತಾ ಇರ್ಲಿ.

ಅಣ್ಣ


ಜುಲೈ 5

ಕಂಡಕ್ಟರ್ ಅಣ್ಣನವರಿಗೆ,

ನಿಮ್ಮ ಪತ್ರ ನಿನ್ನೆ ಬಂತು. ಅದರೊಳಗಿನದೂ ಬಂತು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಬೆಳಗಿನಿಂದ ಮಧ್ಯಾಹ್ನದವರೆಗೆ ನಂಬಲಿಲ್ಲ. ನಾನು ಅವನ ಹದಿನೈದನೇ ತಾರೀಕಿನ ಕಾಗದ ಬಂದಾಗಿನಿಂದ ನಂಬಲಿಲ್ಲ. ಆಮೇಲೆ ಇಪ್ಪತ್ತೈದಕ್ಕೆ ನಂಬಿದೆ. ನಂಬಿಯೂ ಹೋಗಲಿಲ್ಲ. ಅದನ್ನು ಯಾರಿಗಾದರೂ ಹೇಳಲೇಬೇಕು, ನಿಮಗೆ ಹೇಳುತ್ತಿದ್ದೇನೆ.

ನೀವು ಬರೆದುಕೊಟ್ಟ ಕಾಗದ ಬರುವ ಹಿಂದಿನ ದಿನ ತೊಟ್ಟಿಯ ನೀರು ಮಬ್ಬಾಗಿ ನಾತ ಬಂದಿತ್ತು. ಕಲ್ಲಿನ ಪಕ್ಕದವನನ್ನು ಸೌಟಿನಲ್ಲಿ ಎತ್ತಿದರೆ ಮೈ ಮೆತ್ತಗಾಗಿಬಿಟ್ಟಿತ್ತು. ಪೈಪು ಅಲುಗಾಡಿಸಿದರೆ ಒಳಗಿನಿಂದ ಇನ್ನೂ ಬಂದವು. ಕಣ್ಣು ಮುಚ್ಚಿಕೊಂಡು ಒಂದೇ ಬಕೆಟ್ಟಿಗೆ ಹಾಕಿ ಹಿತ್ತಲಲ್ಲಿ ಹೂತುಬಿಟ್ಟೆ. ನೀರೇನೋ ಬದಲಿಸಿದೆ, ಯಾರಿಗಾಗಿ ಅಂತ ತಿಳಿಯದೆ. ನೀರು ಸೋಸುವ ಮೋಟಾರು ನಿಲ್ಲಿಸಲಿಲ್ಲ, ಆ ಸದ್ದೂ ನಿಂತರೆ ಕೋಣೆಯಲ್ಲಿ ಇರಲಾಗುತ್ತಿರಲಿಲ್ಲ. ಮಾರನೇ ದಿನ ಕಾಗದ ಓದಿ ಕೂತೆ. ಅಣ್ಣನ ಮುಂದೆ ಹೋಗಿ ನಿಂತರೆ ಅವನು ಮೊದಲು ಕೇಳುವುದು "ಎಲ್ಲಾ ಹೇಗಿದಾವೆ?" ಅಂತ. ಆ ಒಂದು ಪ್ರಶ್ನೆಗೆ ಹೆದರಿ ಅವನದು ನಾಟಕ ಅಂತ ಬರೆದೆ. ಮೂರು ಸಲ ಅವನು ಆಡಿದ್ದ. ನಾಲ್ಕನೆಯದನ್ನು ಆಡಿದವಳು ನಾನು.

ನಿನ್ನೆ ಅವನ ಕಾಗದ ಓದಿ ಹಿತ್ತಲು ಅಗೆದೆ. ನಾಲ್ಕೇ ಇದ್ದವು. ಎಲ್ಲಕ್ಕಿಂತ ದಪ್ಪಗಿದ್ದದ್ದು ನಾನು ಸೌಟಿನಲ್ಲಿ ಎತ್ತಿದ್ದು, ಮಣ್ಣಿನಲ್ಲೂ ಮಾಸದ ಅದರ ಪಟ್ಟೆ ನೆಟ್ಟಗಿತ್ತು. ಆರು ದಿನ ಕಲ್ಲಿನ ಪಕ್ಕ ಬಿದ್ದಿದ್ದವನು ಮೇಸ್ತ್ರಿ. ಇಪ್ಪತ್ತಾರು ವರ್ಷ ಇನ್ನೊಬ್ಬರ ಪುಸ್ತಕದಲ್ಲಿ ಬಿಟ್ಟುಹೋದ ಅಲ್ಪವಿರಾಮ ಹುಡುಕಿದ್ದೇನೆ. ಮನೆಯೊಳಗಿದ್ದ ಒಂದನ್ನು ನೋಡಲಿಲ್ಲ. ಮಗ್ಗುಲಾಗಿ ಮಲಗಿದ್ದಾನೆ ಅಂದಮೇಲೆ ಇನ್ನೇನು ನೋಡುವುದು ಅಂದುಕೊಂಡೆ.

ಮೂಲೆಯ ಡಬ್ಬಿಯ ಮುಚ್ಚಳ ತೆಗೆದೆ. ಐದನೆಯವನು ಅಲ್ಲಿದ್ದ. ನೀರು ಸೋಸುವ ಸ್ಪಂಜಿಗೆ ಒತ್ತಿಕೊಂಡು, ಬಣ್ಣವೆಲ್ಲ ಬಿಟ್ಟು, ಹನ್ನೊಂದು ದಿನ ಕಾಳಿಲ್ಲದೆ. ಬಲೆ ಹಾಕಲಿಲ್ಲ. ಬೊಗಸೆಯಲ್ಲೇ ಎತ್ತಿ ತೊಟ್ಟಿಗೆ ಬಿಟ್ಟೆ. ಕಣ್ಣಿನ ಕೆಳಗಿನ ಮುಳ್ಳು ಅಂಗೈಗೆ ಚುಚ್ಚಿತು. ತಳಕ್ಕಿಳಿದು ಮಗ್ಗುಲಾಗಿ ಮಲಗಿದ.

ಅಣ್ಣನ ಕಾಗದಗಳನ್ನೆಲ್ಲ ತಿದ್ದಿ ನಕಲು ಮಾಡಿಟ್ಟುಕೊಂಡು ಮೂಲ ಹರಿದು ಹಾಕುತ್ತಿದ್ದೆ. ಹಾಗಾಗಿ ಅವನ ಕೈಬರಹ ಅಂತ ನನ್ನ ಬಳಿ ಉಳಿದದ್ದು ನೀವು ಕಳಿಸಿದ ಒಂದೇ ಹಾಳೆ. ಕೆಂಪು ಪೆನ್ನು ಹಿಡಿದು ಅದರ ಮುಂದೆ ಕೂತೆ. ಅಭ್ಯಾಸ. 'ಬಯ' ಅಂತ ಎರಡು ಕಡೆ ಇದೆ. ಎಲ್ಲಿಯೂ ಮಹಾಪ್ರಾಣವಿಲ್ಲ. ಪೆನ್ನಿನ ಮುಚ್ಚಳ ಹಾಕಿ ಇಟ್ಟೆ. ಅದನ್ನು ಹಾಗೇ ನೋಟುಪುಸ್ತಕಕ್ಕೆ ಅಂಟಿಸಿದ್ದೇನೆ.

ನಾನು ಅಲ್ಲಿಗೆ ಬರುತ್ತೇನೆ. ಯಾವಾಗ ಅಂತ ಹೇಳಲಾರೆ. ಆಫೀಸಿನವರ ಹತ್ತಿರ ಒಂದು ಕೆಲಸವಿದೆ. ಮುಗಿದುಹೋದ ಫಾರಂನಲ್ಲಿ ಅವರು ತಿದ್ದಲು ಬಿಡುತ್ತಾರೋ ಇಲ್ಲವೋ, ವಿಚಾರಿಸಿಡಿ.

ಈಗ ಮಾತ್ರ ಹೊರಡುವ ಹಾಗಿಲ್ಲ. ಪ್ರೆಸ್ಸಿಗೂ ಹೋಗಿಲ್ಲ. ಬೆಳಗಿನಿಂದ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ, ಈ ಕಾಗದವನ್ನೂ ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕಾಳು ಮುಟ್ಟಿಲ್ಲ. ಎದ್ದೂ ಇಲ್ಲ. ಪ್ರತಿ ಸಾಲಿಗೊಮ್ಮೆ ತಲೆಯೆತ್ತಿ ಕಿವಿರು ನೋಡುತ್ತೇನೆ.

ಆಡುತ್ತಿದೆ. ಬಹಳ ಮೆಲ್ಲಗೆ.

ತಂಗಿ